ವಿಯೆಲ್ ಕೆಲಸ: ಕೊನೆಗೂ ನಾಯಿ ಬೊಗಳಿತು

ನಾನು ಮಾಡುತ್ತಿರುವ ವಿಯೆಲ್ ಅಂದರೆ ಹಿಡಿಕೆ ತಿರುಗಿಸಿದಾಗ ಚಕ್ರ ತಂತಿಗೆ ಉಜ್ಜಿ ನುಡಿಯುವ ಫ್ರೆಂಚ್ ವಾದ್ಯ, ಇಂಗ್ಲಿಷಿನಲ್ಲಿ ಹರ್ಡಿ-ಗರ್ಡಿ. ಚಕ್ರ, ಕೀಲಿ, ತಂತಿ ಎಲ್ಲ ಆಯಿತು, ಅದರ ಕಥೆ ಬೇಡ. ನಾಯಿ ಬೊಗಳಿತು, ಅದೇ ಇವತ್ತಿನ ಸುದ್ದಿ!

ನಮ್ಮ ವೀಣೆಯಲ್ಲಿ ತಂತಿ ಕೂರುವುದು ಕುದುರೆ ಮೇಲೆ. ವಿಯೆಲ್‌ನಲ್ಲಿ ತಾಳಕ್ಕೆಂದೇ ಇರುವ ಟ್ರೋಂಪೆಟ್ ಎಂಬ ತಂತಿ ಕೂರುವ ಪುಟ್ಟ ಕುದುರೆಗೆ ಫ್ರೆಂಚರು ನಾಯಿ ಅಂತಾರೆ. ಅದರ ಒಂದು ತುದಿ ಸೀಳಿನಲ್ಲಿ ಸಿಕ್ಕಿರುತ್ತದೆ, ಇನ್ನೊಂದು ಮೇಲುಹಲಗೆ ಮೇಲೆ ಸುಮ್ನೆ ಕೂತಿರುತ್ತದೆ. ಹಿಡಿಕೆಯನ್ನು ಮಣಿಕಟ್ಟಿನಿಂದ ಝಾಡಿಸಿದಾಗ ಚಕ್ರದ ವೇಗ ಏರಿ ಆ ಬಿಡಿ ತುದಿ ಹಲಗೆಗೆ ಬಡಿಯಬೇಕು, ತಾಳ ಹುಟ್ಟುವುದೇ ಅಲ್ಲಿ. ನನ್ನದು ಒಂದೋ ಗಪ್‌ಚುಪ್, ಇಲ್ಲಾ ನಿಲ್ಲದ ಗುರ್ ಗುರ್. ಆ ತಂತಿಯ ಒತ್ತಡ ಹೊಂದಿಸುವ ತಿರಾಂ ಎಂಬ ಗೂಟ ಎಷ್ಟು ತಿರುಗಿಸಿದರೂ ನಡುವೆ ಏನೂ ಇಲ್ಲ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಗುರುಗುಟ್ಟಿದ್ದರೆ ಚಕ್ರ ಸೊಟ್ಟ ಅನ್ನಬಹುದಿತ್ತು, ಅದೂ ಅಲ್ಲ. ತಂತಿಗೆ ಸುತ್ತಿದ ಹತ್ತಿ ಬದಲಿಸಿದೆ, ಚಕ್ರಕ್ಕೆ ಹಚ್ಚುವ ರಾಳ ಕಡಿಮೆ ಮಾಡಿದೆ. ಕೊನೆಗೆ ಸಿಕ್ಕಿದ್ದು ಸೀಳಿನ ಬಿಗಿ! ಅದರೊಳಗೆ ಕೂರುವ ನಾಯಿಯ ತುದಿಯನ್ನು ಸ್ಯಾಂಡ್‌ಪೇಪರಿನಲ್ಲಿ ಕೂದಲೆಳೆಯಷ್ಟು ಉಜ್ಜಿ, ಬಿಡಿ ತುದಿ ಹಲಗೆಗೆ ಪೂರ್ತಿ ತಾಗುವಂತೆ ಮಟ್ಟ ಮಾಡಿದೆ. ಈಗ ಕೈ ಹೇಳಿದಾಗ ಮಾತ್ರ ಬೊಗಳುತ್ತದೆ. ತಂಬೂರಿಯ ತಂತಿ ಕೆಳಗೆ ಜೀವದ ದಾರ ಕೂರಿಸಿದವರಿಗೆ ಈ ಖುಷಿ ಗೊತ್ತು.

ನಕ್ಷೆ ಮಾರುವವರ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ. ವಿಯೆಲ್ ನಕ್ಷೆ ಕೇಳಿದರೆ ಕಮಾನಿನಲ್ಲಿ ನುಡಿಸುವ ಹಳೇ ವಾದ್ಯದ್ದು ಕಳಿಸಿದರು, ವಾಪಸೂ ತಗೊಳ್ಳಲಿಲ್ಲ. ನಿಜ, 13ನೇ ಶತಮಾನದಲ್ಲಿ ವಿಯೆಲ್ ಅಂದರೆ ಕಮಾನಿನ ವಾದ್ಯವೇ. ಚಕ್ರದ ವಾದ್ಯದ ಹೆಸರು ಆಗ ಶಿಫೋನಿ, ಸಿಂಫೋನಿಯಾ ಎಂಬ ಪದ ಸವೆದು ಆದದ್ದು. ಆಮೇಲೆ ಕಮಾನಿನ ವಾದ್ಯಗಳು ವಿಯೋಲ್ ಆದವು, ವಿಯೆಲ್ ಎಂಬ ಹೆಸರು ಚಕ್ರದ ಪಾಲಾಯಿತು. ಗೊಂದಲ ಬೇಡ ಅಂತಲೇ ಅಲ್ವಾ, ‘ಚಕ್ರದ’ ಎನ್ನಲು ಫ್ರೆಂಚಿನಲ್ಲಿ ‘ಆ ರೂ’ ಸೇರಿಸುವುದು? ನಾನು ಅದನ್ನೂ ಸೇರಿಸಿಯೇ ಬರೆದಿದ್ದೆ! ಭಿಕ್ಷುಕರ ವಾದ್ಯ ಎನಿಸಿಕೊಂಡಿದ್ದ ಇದು 18ನೇ ಶತಮಾನದಲ್ಲಿ ಸಿರಿವಂತರ ಮನೆ ಸೇರಿತು. ವರ್ಸೇಲ್ಸ್‌ನ ವಾದ್ಯ ತಯಾರಕ ಬಾತೋಂ ಹಳೇ ಗಿಟಾರ್, ಲ್ಯೂಟ್‌ಗಳ ಒಡಲಿಗೇ ಚಕ್ರ ಕೂರಿಸಿ ಮಾರಿದ. ನನ್ನದೂ ಗಿಟಾರ್ ಒಡಲೇ, ಮನೆ ಮೂಲೆಯಲ್ಲಿ ಬಿದ್ದಿದ್ದಕ್ಕೆ ಒಳ್ಳೇ ಗತಿ ಬಂತು.

ಮುಂದೆ ಮಾಡುವುದು ಇನ್ನೂ ಹಳೆಯದು: ಆರ್ಗನಿಸ್ಟ್ರಮ್, ಇಬ್ಬರು ಸೇರಿ ನುಡಿಸುವ ಚಕ್ರದ ವಾದ್ಯ. ಸ್ಪೇನಿನ ಸಾಂಟಿಯಾಗೊ ದೇವಾಲಯದ ಬಾಗಿಲ ಕೆತ್ತನೆಯಲ್ಲಿ ಇಬ್ಬರು ಮುದುಕರು ಅದನ್ನು ತೊಡೆ ಮೇಲೆ ಅಡ್ಡ ಇಟ್ಟು ಕೂತಿದ್ದಾರೆ. ಒಬ್ಬ ಹಿಡಿಕೆ ತಿರುಗಿಸಬೇಕು, ಇನ್ನೊಬ್ಬ ಕೀಲಿ ನೋಡಿಕೊಳ್ಳಬೇಕು. ಮರ ಹುಡುಕಲು ಶುರು ಮಾಡಿದ್ದೇನೆ, ಜೊತೆಗೆ ಕೂರುವವರು ಯಾರಾದರೂ ಇದ್ದರೆ ಈಗಲೇ ಹೇಳಿ.