ಹಾಸನದಿಂದ ಬೆಂಗಳೂರು ಪೇಟೆಗೆ ಒಂದು ದಿನ: ಮದುವೆ ಸೀರೆ, ಹಳೇ ಕಟ್ಟಡ, ಸಾಗು ದೋಸೆ

ಚಿಕ್ಕಪೇಟೆಗೆ ಸೀರೆ ತರಲು ಹೊರಟಿದ್ದರೆ ಮೊದಲು ಇದೊಂದು ಮಾತು ಕೇಳಿ. ಬೀದಿಯಲ್ಲಿ "ಬನ್ನಿ ಅಕ್ಕ, ಮದುವೆ ಸೀರೆ, ಫ್ಯಾಕ್ಟರಿ ರೇಟು" ಅಂತ ಕರೆಯುವವರ ಹಿಂದೆ ಹೋಗಬೇಡಿ. ಅವರು ಅಂಗಡಿಯವರಲ್ಲ, ದಲ್ಲಾಳಿಗಳು. ಅವರ ಕಮಿಷನ್ ನಿಮ್ಮ ಸೀರೆ ಬೆಲೆಗೇ ಸೇರುತ್ತದೆ.

ತಮ್ಮನ ಮದುವೆಗೆ ಅಂತ ಅಮ್ಮ, ಅತ್ತಿಗೆ, ನಾನು ಹೋಗಿದ್ದೆವು. ಒಬ್ಬ ನಮ್ಮನ್ನು ಇಕ್ಕಟ್ಟು ಮೆಟ್ಟಿಲು ಹತ್ತಿಸಿ ಮೇಲಿನ ಮಹಡಿಯ ಅಂಗಡಿಗೆ ಕರೆದುಕೊಂಡು ಹೋದ. ಅರಿಶಿನ ಬಣ್ಣದ ಒಂದು ಸೀರೆಗೆ 9,500 ಹೇಳಿದರು. ಅಮ್ಮ ಎದ್ದು ನಿಂತಳು, 7,000 ಆಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ಹೊತ್ತಿಗೆ 5,200ಕ್ಕೆ ಇಳಿಯಿತು. ಪ್ಯೂರ್ ಸಿಲ್ಕ್ ಅಂತ ಹತ್ತು ಸಲ ಹೇಳಿದರು. ಶುದ್ಧ ರೇಷ್ಮೆ ಅಂತ ಖಾತ್ರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಎಲ್ಲಿ ಅಂತ ಅತ್ತಿಗೆ ಕೇಳಿದರೆ, "ಅದೆಲ್ಲ ಯಾಕೆ ಮೇಡಂ, ನಮ್ಮ ಮಾತೇ ಗ್ಯಾರಂಟಿ" ಅಂದರು. ಅಮ್ಮ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಏನೂ ಮಾತಾಡದೆ ಮಡಚಿ ಇಟ್ಟಳು. ಹಾಗೇ ಇಳಿದು ಬಂದೆವು. ಊರಿಂದ ಬಂದ ಹೆಂಗಸರು, ಹೇಗೂ ಕೊಳ್ಳುತ್ತಾರೆ ಅನ್ನುವ ಧೋರಣೆ ಇದೆಯಲ್ಲ, ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಆಮೇಲೆ ಕೊಂಡಿದ್ದು ಕೆಳಗಿನ ಅಂತಸ್ತಿನ ಹಳೇ ಅಂಗಡಿಯೊಂದರಲ್ಲಿ. ಬಿಳಿ ಹಾಸಿಗೆ ಮೇಲೆ ಕೂರಿಸಿ, ಕೇಳಿದಷ್ಟೂ ಬಿಚ್ಚಿ ತೋರಿಸಿದರು. ಹೊಲೋಗ್ರಾಂ ಇರುವ ಸಿಲ್ಕ್ ಮಾರ್ಕ್ ಚೀಟಿ ಇತ್ತು, ಬಿಲ್ಲೂ ಕೊಟ್ಟರು. ಬೆಲೆ ಕಡಿಮೆಯೇನಲ್ಲ, ಆದರೆ ಸಮಾಧಾನ ಇತ್ತು. ಭಾನುವಾರ ಮಾತ್ರ ಹೋಗಬೇಡಿ. ಸೀರೆ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಬೀದಿ ವ್ಯಾಪಾರದ ಜನಜಂಗುಳಿ ಅಷ್ಟೇ ಸಿಗುತ್ತದೆ. ಬೇರೆ ದಿನವೂ ಹನ್ನೊಂದರ ಒಳಗೆ ಹೋದರೆ ಅರ್ಧ ಅಂಗಡಿಗಳ ಷಟರ್ ತೆರೆದಿರುವುದಿಲ್ಲ.

ಆ ಬೆಳಗಿನ ಹೊತ್ತನ್ನೇ ನಾವು ಕಟ್ಟಡ ನೋಡಲು ಇಟ್ಟುಕೊಂಡೆವು. ಬಸ್ಸಿನಲ್ಲಿ ಮೆಜೆಸ್ಟಿಕ್ ತನಕ ಕೂತರೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲೇ ಅರ್ಧ ಬೆಳಗು ಮುಗಿಯುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಆಟೋದವರು ಹತ್ತಿರದ ಚಿಕ್ಕಪೇಟೆಗೂ ಬಾಯಿಗೆ ಬಂದಷ್ಟು ಕೇಳುತ್ತಾರೆ. ಅದರ ಬದಲು ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟು ದಾಸರಹಳ್ಳಿಯಲ್ಲಿ ಇಳಿದು ಮೆಟ್ರೋ ಹತ್ತಿ. ಹಸಿರು ಮಾರ್ಗ. ಎಲ್ಲೂ ಬದಲಾಯಿಸದೆ ಚಿಕ್ಕಪೇಟೆ, ಅದರ ಮುಂದಿನ ಕೆ.ಆರ್. ಮಾರ್ಕೆಟ್ ನಿಲ್ದಾಣಕ್ಕೆ ನೇರ ಬರುತ್ತದೆ. ಇನ್ನೊಂದು ವಿಷಯ, ಹೆಂಗಸರಿಗೆ ಮುಖ್ಯ: ಪೇಟೆ ಒಳಗೆ ಶೌಚಾಲಯ ಹುಡುಕುವುದು ಬಹಳ ಕಷ್ಟ. ಮೆಟ್ರೋ ನಿಲ್ದಾಣದಲ್ಲೇ ಮುಗಿಸಿಕೊಂಡು ಹೊರಗೆ ಬನ್ನಿ.

ಕೆ.ಆರ್. ಮಾರ್ಕೆಟ್ ನಿಲ್ದಾಣದಿಂದ ಟಿಪ್ಪುವಿನ ಬೇಸಿಗೆ ಅರಮನೆ ನಡೆದು ಹೋಗುವಷ್ಟು ಹತ್ತಿರ. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ. ಅರಮನೆಯನ್ನು ಹೈದರಾಲಿ 1781ರಲ್ಲಿ ಶುರು ಮಾಡಿದ, ಟಿಪ್ಪು 1791ರಲ್ಲಿ ಮುಗಿಸಿದ. ಬಹುತೇಕ ಮರದ ಕೆಲಸ. ಸಾಗುವಾನಿ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿವೆ, ಕಂಬದಿಂದ ಕಂಬಕ್ಕೆ ಅಲೆ ಅಲೆಯಾದ ಕಮಾನು. ಗೋಡೆಯ ಹೂಬಳ್ಳಿ ಚಿತ್ರ ಬಹಳ ಕಡೆ ಮಾಸಿಹೋಗಿದೆ. ಮೇಲಿನ ಮಹಡಿಗೆ ಹತ್ತಿ ಒಂದು ಮೂಲೆಯಲ್ಲಿ ನಿಂತು ಬಣ್ಣ ಉಳಿದಿರುವ ಜಾಗ ಹುಡುಕಿ, ಒಳಗೆಲ್ಲ ಆ ಬಣ್ಣ ಇದ್ದಾಗ ಹೇಗಿತ್ತು ಅಂತ ಗೊತ್ತಾಗುತ್ತದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಕೋಟೆಯ ದೆಹಲಿ ಬಾಗಿಲು. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ಒಳಗೆ ನುಗ್ಗಿದ ಜಾಗಕ್ಕೆ ಒಂದು ಫಲಕ ಹಾಕಿದ್ದಾರೆ. ಅಂದರೆ ಅರಮನೆ ಮುಗಿದ ವರ್ಷವೇ ಕೋಟೆ ಕೈತಪ್ಪಿತು. ಇಷ್ಟು ದೊಡ್ಡ ಸಂಗತಿ ನಡೆದ ಜಾಗದ ಎದುರು ಬಸ್ಸು, ಆಟೋಗಳು ನುಗ್ಗುತ್ತಿರುತ್ತವೆ, ಯಾರೂ ತಿರುಗಿಯೂ ನೋಡುವುದಿಲ್ಲ. ದಯವಿಟ್ಟು ನೀವು ನೋಡಿ.

ಮಾರ್ಕೆಟ್ಟಿನ ಹೂವು ನೋಡಬೇಕಾದರೆ ಕೆಳಗೆ ಇಳಿಯುವ ಮೊದಲು ಮಹಡಿಯಿಂದ ನೋಡಿ. ನನಗೆ ಗಲಾಟೆ ಒಗ್ಗುತ್ತದೆ, ಅಮ್ಮನಿಗೆ ಒಗ್ಗುವುದಿಲ್ಲ, ಹಾಗಾಗಿ ಬೇಗ ಹೊರಟೆವು.

ಅಲ್ಲಿಂದ ಅವೆನ್ಯೂ ರಸ್ತೆ. ಹಿಂದೆ ಇದೇ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಲ್ಲೇ ಎತ್ತು ಕಟ್ಟಿ ನಾಲ್ಕು ದಿಕ್ಕಿಗೂ ನೇಗಿಲ ಗೆರೆ ಎಳೆಸಿದರು ಅನ್ನುತ್ತಾರೆ. ಆ ಗೆರೆಯ ಮೇಲೇ ಈಗಲೂ ನಡೆಯುತ್ತೀರಿ. ರಸ್ತೆಯಲ್ಲಿ ಹಳೇ ಪುಸ್ತಕ ಸಿಗುತ್ತದೆ, ಬದಿಯ ಬೀದಿಗಳಲ್ಲಿ ಲಗ್ನಪತ್ರಿಕೆ, ಬಳೆ, ಅಲಂಕಾರದ ಸಾಮಾನು. ತಲೆ ಎತ್ತಿ ನಡೆಯಿರಿ. ಬೋರ್ಡುಗಳ ಮೇಲೆ ಹಳೇ ಮನೆಗಳ ಮರದ ಬಾಲ್ಕನಿ, ಕಬ್ಬಿಣದ ಕಟಾಂಜನ ಇನ್ನೂ ಅಲ್ಲಲ್ಲಿ ಉಳಿದಿವೆ.

ಊಟಕ್ಕೆ ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನ. ಬೇರೆ ಎಲ್ಲೂ ಹೋಗಬೇಡಿ. ಇಲ್ಲಿ ಕೇಳಬೇಕಾದ್ದು ಸಾಗು ಮಸಾಲೆ ದೋಸೆ. ಆಲೂಗಡ್ಡೆ ಪಲ್ಯದ ಜಾಗದಲ್ಲಿ ತರಕಾರಿ ಸಾಗು ಇಟ್ಟು ಮಡಚಿರುತ್ತಾರೆ. ದೋಸೆ ಅಂಚಿನಲ್ಲಿ ಗರಿಗರಿ, ಸಾಗು ತಾಗಿದ ನಡುಭಾಗ ಮೆತ್ತಗೆ. ಒಂದೇ ತುತ್ತಿನಲ್ಲಿ ಎರಡೂ ಸಿಗುವ ಹಾಗೆ ಮುರಿದುಕೊಂಡು ತಿನ್ನಬೇಕು. ಮಧ್ಯಾಹ್ನ ಗಿರಾಕಿ ಜಾಸ್ತಿ, ಗುರುತಿಲ್ಲದವರ ಜೊತೆ ಒಂದೇ ಮೇಜಿಗೆ ಕೂರಬೇಕಾಗುತ್ತದೆ. ನಮ್ಮ ಎದುರು ಕೂತಿದ್ದ ಅಜ್ಜ ಅಮ್ಮನಿಗೆ ಚಟ್ನಿ ಬಟ್ಟಲು ತಾವೇ ಸರಿಸಿ ಕೊಟ್ಟರು. ಹೊರಗೆ ಬೀಳುವ ಬಿಸಿಲು, ಕೈಯಲ್ಲಿನ ಚೀಲ ಎಲ್ಲ ಮರೆತು ಕಾಫಿ ಕುಡಿದು ಎದ್ದೆವು. ಮೂವರಿಗೆ ಆದ ಬಿಲ್ಲು ಮಾಲ್‌ನಲ್ಲಿ ಒಬ್ಬರ ಊಟಕ್ಕೂ ಸಾಲದು.

ಮಧ್ಯಾಹ್ನ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ವಿಧಾನಸೌಧಕ್ಕೆ. ಬೇಲೂರಿನ ಬಳಪದ ಕಲ್ಲಿನ ಕೆತ್ತನೆ ನೋಡಿ ಬೆಳೆದ ನಮ್ಮ ಕಡೆಯವರು ಇಲ್ಲಿ ಆ ನಾಜೂಕು ಹುಡುಕಬಾರದು. ಇದು ಗ್ರಾನೈಟ್, ಉಳಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇದರ ಸೊಗಸು ಎತ್ತರದಲ್ಲಿದೆ. ಎದುರಿನ ಮೆಟ್ಟಿಲು, ಅದರ ಮೇಲೆ 40 ಅಡಿಯ 12 ಕಂಬ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, ಕೆಂಗಲ್ ಹನುಮಂತಯ್ಯನವರು ಯೋಜನೆ ಹಿಗ್ಗಿಸಿದರು, 1956ಕ್ಕೆ ಮುಗಿಯಿತು. ಎದುರಿಗೆ 1868ರ ಕೆಂಪು ಅಠಾರಾ ಕಚೇರಿ, ಅಂದರೆ ಹದಿನೆಂಟು ಸರ್ಕಾರಿ ಕಚೇರಿಗಳ ಕಟ್ಟಡ, ಈಗಿನ ಹೈಕೋರ್ಟು. ಮೊದಲು ಆ ಕಚೇರಿಗಳು ಇದ್ದದ್ದು ಬೆಳಿಗ್ಗೆ ನೋಡಿದ ಟಿಪ್ಪು ಅರಮನೆಯಲ್ಲೇ. ಎರಡನ್ನೂ ಒಂದೇ ದಿನ ನೋಡಿ ಅನ್ನುವುದು ಅದಕ್ಕೇ. ಹಿಂದೆಯೇ ಕಬ್ಬನ್ ಪಾರ್ಕ್, ಕಾಲು ಚಾಚಿ ಕೂರಲು ಜಾಗ ಇದೆ.

ವಾಪಸ್ ಬರುವಾಗ ನಮ್ಮನ್ನು ಹೈರಾಣು ಮಾಡಿದ್ದು ಬಸ್ಸು. ಹಾಸನ ನಾನ್‌ಸ್ಟಾಪ್ ಅಂತ ಕೂಗಿ ಹತ್ತಿಸಿಕೊಂಡರು. ಗೊರಗುಂಟೆಪಾಳ್ಯದಲ್ಲಿ ಸೀಟು ತುಂಬುವ ತನಕ ನಿಲ್ಲಿಸಿದರು, ನೆಲಮಂಗಲದಲ್ಲಿ ಮತ್ತೆ ನಿಲ್ಲಿಸಿದರು, ಕುಣಿಗಲ್ ದಾಟಿ ಒಂದು ಹೋಟೆಲ್ ಮುಂದೆ ಅರ್ಧ ಗಂಟೆ. ಅಲ್ಲಿ ಬೆರಳುದ್ದದ ಪೇಪರ್ ಲೋಟದ ಕಾಫಿಗೆ 40 ರೂಪಾಯಿ. ಅಮ್ಮನ ಕಾಲು ಊದಿಕೊಂಡಿತ್ತು, ಯಾರನ್ನು ಕೇಳಿದರೂ ಉತ್ತರವಿಲ್ಲ. ಹಾಗಾಗಿ ಸೀಟು ಮೊದಲೇ ಕಾಯ್ದಿರಿಸಿ, ಇಲ್ಲವೇ ರೈಲಿಗೆ ಬನ್ನಿ. 2017ರಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ರೈಲು ಓಡುತ್ತಿದೆ. ಯಶವಂತಪುರಕ್ಕೆ ಅದೇ ಹಸಿರು ಮೆಟ್ರೋದಲ್ಲಿ ಹೋಗಬಹುದು. ರೈಲಿನ ವೇಳೆ ಹಿಂದಿನ ದಿನವೇ ನೋಡಿಕೊಂಡು, ಸೀರೆ ಚೀಲಕ್ಕೆ ಒಂದು ಗಟ್ಟಿ ಕೈಚೀಲ ಮನೆಯಿಂದಲೇ ತಂದಿರಿ, ಅಂಗಡಿಯವರು ಕೊಡುವುದರ ಹಿಡಿ ಮೆಟ್ರೋ ಮೆಟ್ಟಿಲಲ್ಲೇ ಕಿತ್ತುಹೋಗುತ್ತದೆ.