ಪಾರ್ಕಿಂಗ್ ಬಯಲಿಗೆ ಬೀಗ ಹಾಕುವ ಮೊದಲು ನಕ್ಷೆ ತೋರಿಸಿ

ಹುಬ್ಬಳ್ಳಿಯ ಒಳಪೇಟೆಯಲ್ಲಿ, ಕೊಪ್ಪಿಕರ್ ರಸ್ತೆಗೂ ದುರ್ಗದ ಬೈಲಿಗೂ ನಡೆದೇ ಹೋಗಬಹುದಾದ ದೂರದಲ್ಲಿ ನಮ್ಮ ಪಾರ್ಕಿಂಗ್ ಬಯಲಿದೆ. ಅಲ್ಲಿ ದೊಡ್ಡ ಕಾಂಪ್ಲೆಕ್ಸ್ ಏಳುತ್ತದಂತೆ. ಬೇಸ್‌ಮೆಂಟಿನಲ್ಲಿ ಪಾರ್ಕಿಂಗ್, ಮೇಲೆ ಅಂಗಡಿಗಳು, ಅದರ ಮೇಲೆ ಆಫೀಸುಗಳು. ಟೇಪು ಹಿಡಿದವರು ಬಂದು ಅಳತೆ ಮಾಡಿ ಹೋಗಿದ್ದಾರೆ, ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಬಿದ್ದಿದೆ. ಸುತ್ತಲಿನ ಮನೆಯವರಿಗೆ, ಅಂಗಡಿಯವರಿಗೆ ಇಷ್ಟೇ ಗೊತ್ತು. ನಕ್ಷೆಯನ್ನು ಮಾತ್ರ ಯಾರೂ ನೋಡಿಲ್ಲ.

ಕಟ್ಟಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಈಗಿರುವ ಬಯಲು ಚೆಂದ ಏನೂ ಇಲ್ಲ. ಮಳೆಗಾಲದಲ್ಲಿ ರಾಡಿ, ಬೇಸಿಗೆಯಲ್ಲಿ ಧೂಳು, ಹಿಂದಿನ ಮೂಲೆಯಲ್ಲಿ ಲೈಟ್ ಇಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ಊರಿಗೆ ಆದಾಯ ಬೇಕು ಅನ್ನುವುದೂ ನಿಜ. ಆದರೆ ಬಾಯಿಮಾತಿನ ಭರವಸೆ ಮೇಲೆ ಗೇಟಿಗೆ ಬೀಗ ಬೀಳಬಾರದು. ಏನು ಕಟ್ಟುತ್ತಾರೆ, ಎಷ್ಟು ಗಾಡಿಗೆ ಜಾಗ ಇಡುತ್ತಾರೆ, ಅಲ್ಲಿಯತನಕ ನಾವು ಎಲ್ಲಿಗೆ ಹೋಗಬೇಕು, ಎಲ್ಲ ಮೊದಲು ಕಾಗದದ ಮೇಲೆ ಬರಲಿ.

ಈ ಬಯಲು ಬರೀ ಕಾರು ನಿಲ್ಲಿಸುವ ಜಾಗ ಅಂತ ದೂರದಿಂದ ನೋಡಿದವರು ಅಂದುಕೊಂಡಿರಬಹುದು. ಬೆಳಗಿನ ಜಾವ ಬಂದು ನೋಡಿ. ಪೇಪರ್ ಹಾಕುವ ಹುಡುಗರು ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಪುರವಣಿ ಸೇರಿಸುತ್ತಿರುತ್ತಾರೆ. ಹಾಲಿನ ಗಾಡಿ ಬಂದು ಕ್ರೇಟು ಇಳಿಸುತ್ತದೆ. ಹತ್ತು ಗಂಟೆಯ ಮೇಲೆ ಟಾಟಾ ಏಸ್‌ಗಳು ಬಟ್ಟೆಯ ಗಂಟು ಇಳಿಸುವುದಕ್ಕೆ ಬರುತ್ತವೆ, ಯಾಕೆಂದರೆ ಒಳಗಿನ ಗಲ್ಲಿಗಳಲ್ಲಿ ಅವು ತಿರುಗುವುದಿಲ್ಲ. ಮದುವೆ ಸೀಸನ್‌ನಲ್ಲಿ ಕುಂದಗೋಳ, ನವಲಗುಂದ, ಕಲಘಟಗಿ ಕಡೆಯಿಂದ ಜವಳಿ ತೆಗೆಯಲು ಬರುವವರು ಕ್ರೂಸರ್ ತುಂಬ ಬರುತ್ತಾರೆ. ವಯಸ್ಸಾದವರು ಗಾಡಿಯಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ಉಣ್ಣುತ್ತಾರೆ, ಉಳಿದವರು ಅಂಗಡಿ ತಿರುಗುತ್ತಾರೆ. ಸಂಜೆ ಗಿರ್ಮಿಟ್, ಮಿರ್ಚಿ ಬಂಡಿಗಳು. ರಾತ್ರಿ ಹತ್ತರ ಮೇಲೆ ಸುತ್ತಲಿನ ಗಲ್ಲಿಯವರ ಬೈಕು, ಕಾರು. ಹಳೇ ಮನೆಗಳು, ಬಾಗಿಲು ತೆಗೆದರೆ ರಸ್ತೆ, ಗಾಡಿ ಇಡಲು ಬೇರೆ ಜಾಗವೇ ಇಲ್ಲ. ಗಣೇಶನ ಹಬ್ಬದಲ್ಲಿ ಗಲ್ಲಿಯಲ್ಲೇ ಪೆಂಡಾಲ್ ಏಳುತ್ತದಲ್ಲ, ಆ ದಿನಗಳಲ್ಲಿ ಇಡೀ ಓಣಿಯ ಗಾಡಿಗಳಿಗೆ ಇದೊಂದೇ ಆಸರೆ.

ಈಗ ಲೆಕ್ಕಕ್ಕೆ ಬರೋಣ. "ಈಗ ಇರುವುದಕ್ಕಿಂತ ಜಾಸ್ತಿ ಪಾರ್ಕಿಂಗ್ ಸಿಗುತ್ತೆ" ಅಂತ ಕಾಂಪ್ಲೆಕ್ಸ್ ಬೇಕು ಅನ್ನುವವರು ಹೇಳುತ್ತಿದ್ದಾರೆ. ಒಂದು ಕಾರಿನ ಬಾಕ್ಸ್ ಅಂದರೆ ಸುಮಾರು ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ, ಒಟ್ಟು 12.5 ಚದರ ಮೀಟರ್. ಆದರೆ ಬೇಸ್‌ಮೆಂಟ್ ಅಂದಮೇಲೆ ಇಳಿಯುವ ರ‍್ಯಾಂಪ್ ಬೇಕು, ತಿರುಗಿಸುವ ದಾರಿ ಬೇಕು, ಕಂಬ, ಲಿಫ್ಟ್, ಮೆಟ್ಟಿಲು, ಪಂಪ್ ರೂಮ್ ಎಲ್ಲ ಬರುತ್ತವೆ. ಅದೆಲ್ಲ ಸೇರಿದರೆ ಒಂದು ಕಾರಿಗೆ 30 ಚದರ ಮೀಟರ್ ಹತ್ತಿರ ಹೋಗುತ್ತದೆ. 1000 ಚದರ ಮೀಟರ್ ಬೇಸ್‌ಮೆಂಟಿನಲ್ಲಿ ಮೂವತ್ತು ಚಿಲ್ಲರೆ ಕಾರು, ಅಷ್ಟೇ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೇಲೆ ಬರುವ ಹೊಸ ಅಂಗಡಿ, ಆಫೀಸುಗಳಿಗೂ ಕಟ್ಟಡದ ನಿಯಮದ ಪ್ರಕಾರ ಪಾರ್ಕಿಂಗ್ ಕೊಡಲೇಬೇಕು. ಆ ಪಾರ್ಕಿಂಗ್ ಬೇರೆ, ಇವತ್ತು ಊರ ಜನ ಬಳಸುತ್ತಿರುವ ಪಾರ್ಕಿಂಗ್ ಬೇರೆ. ಎರಡನ್ನೂ ಒಂದೇ ಲೆಕ್ಕದಲ್ಲಿ ತೋರಿಸಿದರೆ ಬೆಳಿಗ್ಗೆ ಹತ್ತಕ್ಕೇ ಅಂಗಡಿಯವರ, ಆಫೀಸಿನವರ ಗಾಡಿಗಳಿಂದ ಬೇಸ್‌ಮೆಂಟ್ ತುಂಬಿರುತ್ತದೆ, ಜವಳಿಗೆ ಬಂದ ಕ್ರೂಸರ್ ಮತ್ತೆ ರಸ್ತೆಯ ಮೇಲೇ ನಿಲ್ಲುತ್ತದೆ. ಹಾಗಾಗಿ ಸಾರ್ವಜನಿಕರಿಗೆ ಇಷ್ಟು, ಮಳಿಗೆಗಳಿಗೆ ಇಷ್ಟು ಅಂತ ಎರಡು ಬೇರೆ ಸಂಖ್ಯೆ ಕಟ್ಟುವವರ ಜೊತೆಗಿನ ಒಪ್ಪಂದದಲ್ಲೇ ಬರಬೇಕು. ದ್ವಿಚಕ್ರ ವಾಹನಕ್ಕೆ ಬೇರೆಯೇ ಸಂಖ್ಯೆ ಬೇಕು. ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳೇ, ಪಾರ್ಕಿಂಗ್ ಮಾತು ಬಂದಾಗ ಮಾತ್ರ ಎಲ್ಲರೂ ಕಾರನ್ನೇ ಎಣಿಸುತ್ತಾರೆ.

ಕೆಲವರು ಪಜಲ್ ಪಾರ್ಕಿಂಗ್ ಮಾಡಲಿ ಅನ್ನುತ್ತಾರೆ, ಕಬ್ಬಿಣದ ತಟ್ಟೆಗಳ ಮೇಲೆ ಕಾರು ನಿಲ್ಲಿಸಿದರೆ ಯಂತ್ರ ಅದನ್ನು ಮೇಲೆ ಕೆಳಗೆ, ಆ ಕಡೆ ಈ ಕಡೆ ಸರಿಸುತ್ತದೆ. ಜಾಗ ಉಳಿಯುತ್ತದೆ, ಒಪ್ಪೋಣ. ಆದರೆ ಕಾರು ಒಂದೊಂದೇ ಹೊರಗೆ ಬರಬೇಕು, ಕರೆಂಟ್ ಹೋದರೆ ಜನರೇಟರ್ ಬೇಕು, ಎತ್ತರಕ್ಕೆ, ತೂಕಕ್ಕೆ ಮಿತಿ ಇರುತ್ತದೆ, ಮಾಲು ತುಂಬಿದ ಗಾಡಿ ಅದರಲ್ಲಿ ಹೋಗುವುದೇ ಇಲ್ಲ. ದೀಪಾವಳಿ ಹಿಂದಿನ ಸಂಜೆ ಸಾಲು ಎಲ್ಲಿಯತನಕ ನಿಲ್ಲಬಹುದು, ಯೋಚಿಸಿ.

ನೆಲದ ವಿಷಯವೂ ಇದೆ. ಹುಬ್ಬಳ್ಳಿ ಸುತ್ತ ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅಂಥ ನೆಲದಲ್ಲಿ ಆಳವಾಗಿ ಅಗೆಯುವಾಗ ಬದಿಗೆ ಸರಿಯಾದ ಆಧಾರ ಕೊಡದಿದ್ದರೆ ಪಕ್ಕದ ಹಳೇ ಗೋಡೆಗಳ ಗತಿ ಏನು? ಬಯಲಿಗೆ ಹೊಂದಿಕೊಂಡೇ ಇರುವ ಮನೆಯ ಅಜ್ಜಾರು ತಮ್ಮ ಪಡಸಾಲೆಯ ಗೋಡೆ ತೋರಿಸಿದರು. ಕಿಟಕಿಯ ಮೂಲೆಯಿಂದ ಜಂತಿಯವರೆಗೆ ಕೂದಲೆಳೆಯಂಥ ಬಿರುಕು ಈಗಲೇ ಇದೆ. ಅಗೆತ ಶುರುವಾಗುವ ಮೊದಲು ಸುತ್ತಲಿನ ಪ್ರತಿ ಮನೆಯ ಫೋಟೋ ತೆಗೆದು, ಇರುವ ಬಿರುಕುಗಳನ್ನೆಲ್ಲ ಬರೆದು, ಎರಡೂ ಕಡೆಯವರು ಸಹಿ ಹಾಕಬೇಕು. ಇಲ್ಲದಿದ್ದರೆ ನಾಳೆ "ಅದು ಮೊದಲೇ ಇತ್ತು" ಅಂತ ಕೈ ತೊಳೆದುಕೊಳ್ಳುವುದು ಸುಲಭ. ಮಳೆ ನೀರು ಬೇಸ್‌ಮೆಂಟಿಗೆ ನುಗ್ಗಿದರೆ ಪಂಪ್ ಮಾಡಿ ಎಲ್ಲಿಗೆ ಬಿಡುತ್ತಾರೆ ಅನ್ನುವುದನ್ನೂ ಈಗಲೇ ಹೇಳಬೇಕು. ನಮ್ಮ ಗಟಾರು ದೊಡ್ಡ ಮಳೆಗೆ ಈಗಲೇ ತುಂಬಿ ಹರಿಯುತ್ತದೆ.

ಕೆಲಸ ನಡೆಯುವ ಕಾಲವೇ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. 2025ರಲ್ಲಿ ಮೇಲ್ಸೇತುವೆ ಕೆಲಸಕ್ಕೆ ಚೆನ್ನಮ್ಮ ಸರ್ಕಲ್ ಕಡೆ ರಸ್ತೆ ಬಂದ್ ಆದಾಗ ಸುತ್ತು ಹಾಕಿ ಓಡಾಡಿದ್ದು ಎಲ್ಲರಿಗೂ ನೆನಪಿದೆ, ಅಲ್ವಾ? ಅಲ್ಲಾದರೂ ಅಗಲವಾದ ರಸ್ತೆಗಳು. ಇಲ್ಲಿ ಎದುರಿನಿಂದ ಒಂದು ಆಟೋ ಬಂದರೆ ಇನ್ನೊಂದು ನಿಲ್ಲಬೇಕು. ಬಯಲಿನ ಗಾಡಿಗಳೆಲ್ಲ ಗಲ್ಲಿಗೆ ನುಗ್ಗಿದ ಮೇಲೆ ಆಂಬುಲೆನ್ಸ್ ಹೇಗೆ ಬರಬೇಕು, ಅಗ್ನಿಶಾಮಕದ ಗಾಡಿ ಎಲ್ಲಿ ತಿರುಗಬೇಕು? ಬದಲಿ ಜಾಗ ಎಲ್ಲಿ ಅಂತ ತೋರಿಸಿ, ಅದನ್ನು ತೆರೆದು, ಆಮೇಲೆ ಇಲ್ಲಿ ತಗಡು ಹೊಡೆಯಲಿ. ಅರ್ಧ ಬಯಲು ಮೊದಲು, ಇನ್ನರ್ಧ ನಂತರ ಅಂತ ಎರಡು ಹಂತದಲ್ಲಿ ಮಾಡಲು ಆಗುತ್ತದೆಯೇ ಅಂತಲೂ ನೋಡಲಿ.

ಮರದ ಕೆಳಗೆ ಸೊಪ್ಪು, ನಿಂಬೆಹಣ್ಣು ಇಟ್ಟುಕೊಂಡು ಕೂರುವ ಒಬ್ಬ ಅಮ್ಮನನ್ನು ಕೇಳಿದೆ. ಎಲೆ ಅಡಿಕೆಯ ಚಂಚಿಯಿಂದ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ವ್ಯಾಪಾರಿ ಗುರುತಿನ ಚೀಟಿ ತೆಗೆದು ತೋರಿಸಿದರು. "ಚೀಟಿ ಐತ್ರಿ ಅಕ್ಕಾರ, ಆದ್ರ ಕೂಡೂದ್ ಎಲ್ಲಿ ಅಂತ ಯಾರೂ ಹೇಳಿಲ್ರಿ" ಅಂದರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಇಂಥವರನ್ನು ಬೇರೆಡೆ ಕಳಿಸುವುದಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಅದೇ ಕಾಯ್ದೆಯಡಿ ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಈ ವಿಷಯ ಆ ಸಮಿತಿ ಮುಂದೆ ಬರಲೇಬೇಕು. ಬೇವಿನ ಮರಗಳನ್ನು ಸುಮ್ನೆ ಕಡಿಯಲೂ ಬರುವುದಿಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ನಾವು ಕೆಲವರು ಸೇರಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೇವೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಕ್ಷೆ, ಮಣ್ಣಿನ ಪರೀಕ್ಷೆಯ ವರದಿ, ಒಪ್ಪಂದದ ಕರಡು, ಬದಲಿ ಪಾರ್ಕಿಂಗ್‌ನ ಆದೇಶ, ಇವಿಷ್ಟನ್ನು ಕೇಳುತ್ತಿದ್ದೇವೆ. ಜೊತೆಗೆ ಒಂದು ಮನವಿ ಪತ್ರವೂ ತಯಾರಾಗುತ್ತಿದೆ. ಭಾನುವಾರ ಬೆಳಿಗ್ಗೆ ಬೇವಿನ ಮರದ ಹತ್ತಿರ ಅದನ್ನು ಓದಿ ಸಹಿ ಹಾಕಿಸಿಕೊಳ್ಳುತ್ತೇವೆ. ಬಾಡಿಗೆಗೆ ಇರುವವರೂ, ಬಂಡಿ ಹಚ್ಚುವವರೂ, ಹಳ್ಳಿಯಿಂದ ಸಂತೆಗೆ ಬರುವವರೂ ಸಹಿ ಹಾಕಬಹುದು. ನಿಮ್ಮ ಗೋಡೆಯಲ್ಲಿ ಬಿರುಕಿದ್ದರೆ, ತಾರೀಖು ಕಾಣುವ ಹಾಗೆ ಅದರ ಫೋಟೋ ತೆಗೆದುಕೊಂಡು ಬನ್ನಿ.