ನನ್ನ ಬೇಸ್ ಗಿಟಾರ್‌ಗೆ 9 ವೋಲ್ಟ್ ಬ್ಯಾಟರಿ ಸೇರಿತು

ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವರಿಗೆ ಸ್ಟೇಜಿನಲ್ಲಿ ಬೇಸ್ ಆಂಪ್ ಸಿಗುವುದು ಅಪರೂಪ. ಗಣೇಶನ ಪೆಂಡಾಲ್ ಇರಲಿ, ನವೆಂಬರ್‌ನ ರಾಜ್ಯೋತ್ಸವ ಇರಲಿ, ಉದ್ದನೆಯ ಕೇಬಲ್ ಒಂದನ್ನು ಕೈಗೆ ಕೊಡುತ್ತಾರೆ. ಅದರ ಇನ್ನೊಂದು ತುದಿ ನೇರ ಮಿಕ್ಸರ್‌ನಲ್ಲಿ. ಗಿಟಾರ್ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಡಿಐ ಬಾಕ್ಸ್ ಕೇಳಿದರೆ "ಇವತ್ತು ತಂದಿಲ್ಲ ಸಾರ್" ಅನ್ನುತ್ತಾರೆ. ಮನೆಯಲ್ಲಿ ಗಣಗಣ ಅನ್ನುವ ತಂತಿ ಅಲ್ಲಿ ಮಂಕಾಗಿಬಿಡುತ್ತದೆ. ನಮ್ಮ ಕೀಬೋರ್ಡ್‌ನವನು ಎಷ್ಟೋ ಸಲ ಹೇಳಿದ್ದಾನೆ, "ಗುರು, ಢೋಲಕ್ ಯಾವುದು, ಬೇಸ್ ಯಾವುದು ಗೊತ್ತಾಗ್ತಾ ಇಲ್ಲ."

ನನ್ನದು ಜಾಝ್ ಬೇಸ್ ಮಾದರಿ, ಫೆಂಡರ್ ಕಂಪನಿ 1960ರಲ್ಲಿ ಮಾರುಕಟ್ಟೆಗೆ ತಂದ ವಿನ್ಯಾಸ. ಮೊದಲು ಪೂರ್ತಿ ಪ್ಯಾಸಿವ್, ಅಂದರೆ ಬ್ಯಾಟರಿ ಇರಲಿಲ್ಲ. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳು ತಂತಿ. ಅದರ ಸಿಗ್ನಲ್ ಇಳಿಯುವ ಜಾಗದಲ್ಲಿ 10 ಲಕ್ಷ ಓಮ್‌ನಷ್ಟು ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಇದ್ದರೆ ಒಳ್ಳೆಯದು. ಮಿಕ್ಸರ್‌ನ ಲೈನ್ ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಹತ್ತಿಪ್ಪತ್ತು ಸಾವಿರ. ಕೇಬಲ್ ಬೇರೆ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಸೇರಿಸುತ್ತದೆ, ಅದು ಮೇಲಿನ ಆವರ್ತನಗಳನ್ನು ನುಂಗುತ್ತದೆ. ಮೇಲಿನ ದನಿ ಅಲ್ಲೇ ಸತ್ತುಹೋಗುತ್ತದೆ. ಟೋನ್ ನಾಬ್ ಎಷ್ಟು ತಿರುಗಿಸಿದರೂ ಹೋದದ್ದು ಬರುವುದಿಲ್ಲ, ಅದಕ್ಕೆ ಕತ್ತರಿಸುವುದಷ್ಟೇ ಗೊತ್ತು. ಗಿಟಾರ್ ಒಳಗೇ ಬ್ಯಾಟರಿಯಿಂದ ನಡೆಯುವ ಪುಟ್ಟ ಪ್ರಿಆಂಪ್ (ಸಿಗ್ನಲ್ ಗಟ್ಟಿಮಾಡುವ ಸರ್ಕ್ಯೂಟ್) ಇದ್ದರೆ ಕೇಬಲ್‌ಗೆ ಇಳಿಯುವ ಮೊದಲೇ ಸಿಗ್ನಲ್ ಗಟ್ಟಿಯಾಗಿರುತ್ತದೆ. ನಾನು ಇದನ್ನು ಹಾಕಿಸಿಕೊಂಡದ್ದು ಇದಕ್ಕೇ ಹೊರತು ಬೇಸ್ ಜಾಸ್ತಿ ಬರಲಿ ಅಂತಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸ್ಟೀರಿಯೋ ಜಾಕ್, ಬ್ಯಾಟರಿ ಕ್ಲಿಪ್, ಸಾಲ್ಡರ್ ತಂತಿ ಎಲ್ಲ ಸಿಕ್ಕಿತು. ಪ್ರಿಆಂಪ್ ಬೋರ್ಡ್ ಮಾತ್ರ ಆನ್‌ಲೈನ್‌ನಲ್ಲಿ ತರಿಸಿದೆ. ಜಾಝ್ ಬೇಸ್‌ನ ಪ್ಲೇಟಿನಲ್ಲಿ ನಾಬ್‌ಗೆ ಮೂರೇ ತೂತು. ಹೊಸ ತೂತು ಕೊರೆಯಲು ಮನಸ್ಸಿರಲಿಲ್ಲ. ಹಾಗಾಗಿ ಮೊದಲನೆಯದು ವಾಲ್ಯೂಮ್, ಎಳೆದರೆ ಬೈಪಾಸ್, ಅಂದರೆ ಸಿಗ್ನಲ್ ಪ್ರಿಆಂಪ್ ಬಿಟ್ಟು ನೇರ ಹೋಗುತ್ತದೆ. ಎರಡನೆಯದು ಎರಡು ಪಿಕಪ್‌ಗಳನ್ನು ಬೆರೆಸುವ ಬ್ಲೆಂಡ್. ಮೂರನೆಯದು ಒಂದರ ಮೇಲೊಂದು ನಾಬ್ ಇರುವ ಜೋಡಿ ಪಾಟ್, ಮೇಲೆ ಟ್ರೆಬಲ್, ಕೆಳಗೆ ಬೇಸ್.

ಇಡೀ ವೈರಿಂಗ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಸ್ಟೀರಿಯೋ ಜಾಕ್. ಬ್ಯಾಟರಿಯ ಕೆಂಪು ತಂತಿ ಬೋರ್ಡಿಗೆ. ಈ ಜಾಕ್‌ನಲ್ಲಿ ಮೂರು ಸಂಪರ್ಕ: ತುದಿಯದು ಟಿಪ್, ನಡುವಿನದು ರಿಂಗ್, ಬುಡದ್ದು ಸ್ಲೀವ್. ಕಪ್ಪು ತಂತಿ ಗ್ರೌಂಡ್‌ಗೆ ಹೋಗುವುದಿಲ್ಲ, ಜಾಕ್‌ನ ರಿಂಗ್‌ಗೆ ಹೋಗುತ್ತದೆ. ಬೋರ್ಡಿನ ಔಟ್‌ಪುಟ್ ಟಿಪ್‌ಗೆ, ಗ್ರೌಂಡ್ ಸ್ಲೀವ್‌ಗೆ. ಮಾಮೂಲಿ ಮೋನೋ ಕೇಬಲ್ ಚುಚ್ಚಿದಾಗ ಅದರ ಉದ್ದನೆಯ ಸ್ಲೀವ್ ರಿಂಗ್‌ಗೂ ತಾಗುತ್ತದೆ, ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಕಿತ್ತರೆ ಆಫ್. ಬೇರೆ ಸ್ವಿಚ್ಚೇ ಬೇಡ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ! ಸ್ಟೀರಿಯೋ ಕೇಬಲ್ ಹಾಕಿದರೆ ಮಾತ್ರ ಇದು ಕೆಲಸ ಮಾಡುವುದಿಲ್ಲ, ಅದರಲ್ಲಿ ರಿಂಗ್ ಬೇರೆಯೇ ಇರುತ್ತದೆ.

ಪ್ಲೇಟ್ ಮುಚ್ಚುವ ಮೊದಲು ಬ್ಯಾಟರಿಯ ಸರಣಿಯಲ್ಲಿ ಮಲ್ಟಿಮೀಟರ್ ಇಟ್ಟು ಎಷ್ಟು ಕರೆಂಟ್ ಹರಿಯುತ್ತದೆ ನೋಡಿ. ಕೇಬಲ್ ಇಲ್ಲದಾಗ ಸೊನ್ನೆ ಇರಬೇಕು. ಚುಚ್ಚಿದರೆ ನನ್ನದು 1 ಮಿಲಿಆಂಪ್‌ಗಿಂತ ಕಡಿಮೆ ತೋರಿಸಿತು. ಒಳ್ಳೆಯ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್-ಅವರ್ ಇರುತ್ತದೆ, ಲೆಕ್ಕ ನೀವೇ ಹಾಕಿ. ಬ್ರಿಡ್ಜ್‌ನಿಂದ ಬರುವ ಗ್ರೌಂಡ್ ತಂತಿ ಮರೆಯಬೇಡಿ, ಅದಿಲ್ಲದಿದ್ದರೆ ನುಡಿಸುವ ತಂತಿ ಮುಟ್ಟಿದರೂ ಗುಂಯ್‌ಗುಡುವುದು ನಿಲ್ಲುವುದಿಲ್ಲ. ಬ್ಯಾಟರಿಗೆ ಫೋಮ್ ಸುತ್ತಿ ಕೂರಿಸಿದ್ದೇನೆ.

ಬೈಪಾಸ್ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾಡಿನ ನಡುವೆ ಬ್ಯಾಟರಿ ಹೋದರೆ ಗಾಯಕರು ನಿಲ್ಲಿಸಿ ಕಾಯುತ್ತಾರಾ? ಬೋರ್ಡಿನಲ್ಲಿ ಮಟ್ಟ ಹೊಂದಿಸುವ ಪುಟ್ಟ ಟ್ರಿಮ್ ಪಾಟ್ ತಿರುಗಿಸಿ, ಆ್ಯಕ್ಟಿವ್ (ಪ್ರಿಆಂಪ್ ಮೂಲಕ) ಮತ್ತು ಪ್ಯಾಸಿವ್ (ಬೈಪಾಸ್) ಎರಡರ ಮಟ್ಟವನ್ನೂ ಸಮ ಮಾಡಿಟ್ಟಿದ್ದೇನೆ. ನಾಬ್ ಎಳೆದಾಗ ಸೌಂಡ್‌ನವರು ಬೆಚ್ಚಬಾರದು.

ಸ್ಟೇಜಿನಲ್ಲಿ ಈಗ ಟ್ರೆಬಲ್ ಸ್ವಲ್ಪ ಮೇಲೆ. ಬೇಸ್ ನಾಬ್ ಮಧ್ಯದಲ್ಲೇ, ಕೆಲವು ಕಡೆ ಇನ್ನೂ ಕೆಳಗೆ. ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಪೆಂಡಾಲಿನ ಸಬ್‌ವೂಫರ್‌ಗಳಿಗೆ ಅದನ್ನು ಮತ್ತೂ ಎತ್ತಿ ಕೊಟ್ಟರೆ ತಬಲಾದ ಎಡಗೈ ಪೆಟ್ಟು ಯಾರಿಗೂ ಕೇಳಿಸುವುದಿಲ್ಲ.